ಕನ್ನಡದ ಕಣ್ವ — ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು

ಮಾಲಿನೀ ನದಿಯ ತೀರದಲ್ಲಿದ್ದ ಕಣ್ವಾಶ್ರಮದ ವೃತ್ತಾಂತವನ್ನು ಮಹಾಭಾರತದ ಪ್ರವಚನಗಳಲ್ಲಿ ನಾವೆಲ್ಲರೂ ಕೇಳಿದ್ದೇವೆ. ಹೆತ್ತ ತಾಯಿತಂದೆಗಳಿಬ್ಬರೂ ಬಿಟ್ಟುಹೋದ ಕೂಸನ್ನು ಕಾಡಿನ ಹಕ್ಕಿಗಳು ರಕ್ಷಿಸಿದುವು. ಕಣ್ವ ಮಹರ್ಷಿಗಳು ಅದನ್ನು ಎತ್ತಿ ತಂದು ಸಾಕಿ, ಶಕುಂತಲೆಯೆಂದು ಹೆಸರಿಟ್ಟು, ಬೆಳೆದಮೇಲೆ ಆಕೆ ಸೇರಬೇಕಾದ ಮನೆಗೆ ಕಳುಹಿಸಿಕೊಟ್ಟರು. ತಮ್ಮದಲ್ಲದ ಶಿಶುವನ್ನು ತಮ್ಮದಕ್ಕಿಂತ ಹೆಚ್ಚಾಗಿ ಸಲಹಿದ ಆ ಋಷಿಯ ಹೆಸರನ್ನು ಕನ್ನಡಿಗರು ಇಪ್ಪತ್ತನೆಯ ಶತಮಾನದ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರಿಗೆ ಬಿರುದಾಗಿ ಕೊಟ್ಟರು. ಬಿರುದುಗಳು ಬಹುಮಟ್ಟಿಗೆ ಅಲಂಕಾರಕ್ಕಾಗಿ ಹುಟ್ಟುತ್ತವೆ. ಆದರೆ ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರಿಗೆ ಸಂದ 'ಕನ್ನಡದ ಕಣ್ವ' ಎಂಬ ಬಿರುದು ಅವರ ಬಾಳಿನ ವೃತ್ತಾಂತವನ್ನೇ ಒಂದು ಮಾತಿನಲ್ಲಿ ಹೇಳಿಬಿಡುತ್ತದೆ. ಅವರಿಗೆ ವೇತನ ಬರುತ್ತಿದ್ದುದು ಇಂಗ್ಲಿಷಿನ ಪಾಠಕ್ಕೆ. ಅವರು ಸಾಕಿ ಬೆಳೆಸಿದುದು ಕನ್ನಡವನ್ನು ಮತ್ತು ಕನ್ನಡಕ್ಕೆ ದುಡಿಯುವ ಒಂದು ತಲೆಮಾರಿನ ತರುಣರನ್ನು.

ಶ್ರೀಯವರು 1884ನೆಯ ಇಸವಿ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಜನಿಸಿದರು. ಮನೆತನವು ನಾಗಮಂಗಲ ತಾಲ್ಲೂಕಿನ ಬೆಳ್ಳೂರಿಗೆ ಸೇರಿದುದು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲಿವೃತ್ತಿಯಲ್ಲಿದ್ದರು, ತಾಯಿ ಭಾಗೀರಥಮ್ಮನವರು. ಕಾವೇರಿಯ ಎರಡು ಕವಲುಗಳ ನಡುವಣ ಶ್ರೀರಂಗನಾಥನ ಆ ಊರಿನಲ್ಲಿ ಬಾಲ್ಯ ಕಳೆಯಿತು. ಅನಂತರ ಮೈಸೂರು, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಕೊನೆಗೆ ಮದರಾಸು — ಹೀಗೆ ವಿದ್ಯಾಭ್ಯಾಸವು ಮುಂದುವರಿದು ಅವರು ಎಂ.ಎ. ಪದವಿಯನ್ನೂ ಬಿ.ಎಲ್. ಪದವಿಯನ್ನೂ ಪಡೆದರು. ತಂದೆಯ ವೃತ್ತಿಗೆ ಬೇಕಾದ ಕಾನೂನಿನ ಪದವಿ ಕೈಯಲ್ಲಿದ್ದರೂ ಅವರು ನ್ಯಾಯಸ್ಥಾನದ ಕಡೆಗೆ ಹೋಗದೆ 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜನ್ನು ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದರು. ಅಂದು ವಕೀಲಿಯಲ್ಲಿ ಬರಬಹುದಾಗಿದ್ದ ಸಂಪಾದನೆಯನ್ನು ನೆನೆದರೆ ಈ ಆಯ್ಕೆಯು ಸಣ್ಣದಲ್ಲ.

ಆ ಕಾಲದಲ್ಲಿ ಕಾಲೇಜುಗಳೊಳಗೆ ಕನ್ನಡಕ್ಕೆ ಇದ್ದ ಸ್ಥಾನವನ್ನು ಇಂದಿನವರು ಊಹಿಸಿಕೊಳ್ಳುವುದು ಕಷ್ಟ. ಉಚ್ಚಶಿಕ್ಷಣವೆಲ್ಲ ಇಂಗ್ಲಿಷಿನಲ್ಲಿಯೇ ನಡೆಯುತ್ತಿದ್ದಿತು. ಕನ್ನಡದ ಪಾಠವೆಂಬುದು ಪಂಡಿತರ ಪಾಲಿಗೆ ಬಿಟ್ಟ ಒಂದು ಮೂಲೆಯ ವಿಷಯ. ವಿದ್ಯಾವಂತರೆನಿಸಿಕೊಂಡವರು ಒಬ್ಬರಿಗೊಬ್ಬರು ಕಾಗದ ಬರೆಯುವುದು ಇಂಗ್ಲಿಷಿನಲ್ಲಿ, ಸಭೆಯಲ್ಲಿ ಮಾತನಾಡುವುದು ಇಂಗ್ಲಿಷಿನಲ್ಲಿ. ಮನೆಯಲ್ಲಿ ತಾಯಿಯೊಡನೆ ಆಡುವ ಮಾತಿನಲ್ಲಿ ಗಂಭೀರವಾದ ಯಾವ ವಿಚಾರವನ್ನೂ ಹೇಳಲಾಗದೆಂಬುದು ಬಹುಮಂದಿಯ ನಂಬಿಕೆಯಾಗಿದ್ದಿತು. ಮಧ್ವಸಿದ್ಧಾಂತದ ಗಹನವಾದ ತತ್ತ್ವಗಳನ್ನೇ ಹರಿದಾಸರು ಈ ಮಾತಿನಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದ್ದುದು ಆ ವಿದ್ಯಾವಂತರ ಮನಸ್ಸಿಗೆ ಏಕೆ ಬರಲಿಲ್ಲವೋ ತಿಳಿಯದು.

1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವು ಈ ತರುಣ ಅಧ್ಯಾಪಕರನ್ನು ಭಾಷಣಕ್ಕೆ ಕರೆಯಿತು. ಧಾರವಾಡ ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಮೈಸೂರು ಬೇರೆಯೇ ಒಂದು ಸಂಸ್ಥಾನ. ಇಪ್ಪತ್ತೇಳು ವರ್ಷದ ಶ್ರೀಕಂಠಯ್ಯನವರು ಅಲ್ಲಿ ಆರಿಸಿಕೊಂಡ ವಿಷಯವು ಕನ್ನಡ ಮಾತು ತಲೆ ಎತ್ತುವ ಬಗೆ ಎಂಬುದು. ಹಳೆಯ ಕಾವ್ಯಗಳ ಸತ್ತ್ವವನ್ನು ಬಿಡದೆ, ಜನರು ಆಡುವ ಹೊಸಗನ್ನಡದಲ್ಲಿ ಬರೆಯಬೇಕು. ಹೊರಗಿನ ಸಾಹಿತ್ಯದಿಂದ, ಅದರಲ್ಲಿಯೂ ಇಂಗ್ಲಿಷಿನಿಂದ, ಪಡೆಯತಕ್ಕುದನ್ನು ನಾಚಿಕೆಯಿಲ್ಲದೆ ಪಡೆದು ನಮ್ಮದನ್ನಾಗಿ ಮಾಡಿಕೊಳ್ಳಬೇಕು ಎಂಬುದು ಆ ಉಪನ್ಯಾಸದ ದಿಕ್ಕು. ಮುಂದಿನ ಮೂವತ್ತೈದು ವರ್ಷಗಳಲ್ಲಿ ಅವರು ಮಾಡಿದುದೆಲ್ಲ ಅಂದು ಆಡಿದ ಮಾತಿಗೆ ತಾವೇ ಬರೆದ ಭಾಷ್ಯದಂತಿದೆ.

ಅವರ ಇಂಗ್ಲಿಷ್ ತರಗತಿಗಳ ವಿಷಯವನ್ನು ಶಿಷ್ಯರನೇಕರು ಬರೆದಿಟ್ಟಿದ್ದಾರೆ. ಷೇಕ್ಸ್‌ಪಿಯರನ ನಾಟಕಗಳನ್ನಾಗಲಿ ಗ್ರೀಕ್ ರುದ್ರನಾಟಕಗಳನ್ನಾಗಲಿ ಅವರು ವಿವರಿಸುವುದಕ್ಕಿಂತ ಮೊದಲು ಓದುತ್ತಿದ್ದರು. ಆ ಓದಿನಲ್ಲಿಯೇ ಅರ್ಥದ ಬಹುಪಾಲು ವಿದ್ಯಾರ್ಥಿಗಳ ಹೃದಯವನ್ನು ಮುಟ್ಟುತ್ತಿದ್ದಿತು. ಸೋಜಿಗವೇನೆಂದರೆ, ಇಂಗ್ಲಿಷಿನ ಸೊಗಸನ್ನು ಅವರು ಎಷ್ಟೆಷ್ಟು ಮನದಟ್ಟು ಮಾಡಿಸುತ್ತಿದ್ದರೋ ಅಷ್ಟಷ್ಟು ವಿದ್ಯಾರ್ಥಿಗಳು ಕನ್ನಡದ ಕಡೆಗೆ ತಿರುಗುತ್ತಿದ್ದರು. ಇಂತಹದು ನಮ್ಮ ನುಡಿಯಲ್ಲಿ ಏಕಿರಬಾರದೆಂಬ ಪ್ರಶ್ನೆ ಕೇಳುವವನ ಮನಸ್ಸಿನಲ್ಲಿ ತಾನಾಗಿಯೇ ಏಳುತ್ತಿದ್ದಿತು. ಉಪದೇಶದಿಂದ ಆಗದ ಕೆಲಸವು ಒಂದು ಒಳ್ಳೆಯ ಪಾಠದಿಂದ ಆಗುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವನ್ನು ನಾವು ಹುಡುಕಬೇಕಾಗಿಲ್ಲ.

ಆ ಪ್ರಶ್ನೆಗೆ ಉತ್ತರವನ್ನು ಗುರುಗಳು ತಾವೇ ಮಾಡಿ ತೋರಿಸಿದರು. ಇಂಗ್ಲಿಷಿನ ಭಾವಗೀತೆಗಳಲ್ಲಿ ತಮಗೆ ಪ್ರಿಯವಾದುವನ್ನು ಆರಿಸಿ ಕನ್ನಡಕ್ಕೆ ತಂದ 'ಇಂಗ್ಲಿಷ್ ಗೀತಗಳು' ಮೊದಲು ಬಿಡಿಬಿಡಿಯಾಗಿ ಬೆಳಕು ಕಂಡು, 1926ರಲ್ಲಿ ಪುಸ್ತಕವಾಗಿ ಬಂದಿತು. ಷೆಲ್ಲಿ, ವರ್ಡ್ಸ್‌ವರ್ತ್, ಬರ್ನ್ಸ್ ಮೊದಲಾದವರ ಕವಿತೆಗಳು ಅಲ್ಲಿ ಕನ್ನಡದ ಉಡುಗೆಯನ್ನುಟ್ಟು ನಿಂತಿವೆ. ಆ ಪುಸ್ತಕವನ್ನು ಕಾಣದವರೂ ಅದರೊಳಗಿನ ಒಂದು ಗೀತವನ್ನು ಬಲ್ಲರು. ಬೆಳಕನ್ನು ಕರುಣಾಳುವೆಂದು ಕರೆದು ದಾರಿ ತೋರೆಂದು ಬೇಡುವ ಆ ಪ್ರಾರ್ಥನೆಯನ್ನು ನಾಡಿನ ಶಾಲೆಗಳಲ್ಲಿ, ಸಭೆಗಳ ಆರಂಭದಲ್ಲಿ, ಎಷ್ಟೋ ಮನೆಗಳ ದೇವರ ಮುಂದೆ ಹಾಡಿಕೊಂಡು ಬಂದಿದ್ದಾರೆ. ಅದರ ಮೂಲವನ್ನು 1833ರಲ್ಲಿ ಜಾನ್ ಹೆನ್ರಿ ನ್ಯೂಮನ್ ಎಂಬ ಆಂಗ್ಲ ಪಾದ್ರಿಯು, ಕಾಯಿಲೆಯಿಂದ ಎದ್ದು ಸ್ವದೇಶಕ್ಕೆ ಮರಳುತ್ತಿದ್ದ ಕಡಲ ಪ್ರಯಾಣದಲ್ಲಿ ಬರೆದನು. ಹಾಡುವ ಮುತ್ತೈದೆಯರಲ್ಲಿ ಹಲವರಿಗೆ ಈ ಸಂಗತಿ ತಿಳಿಯದು. ತಿಳಿಯದಷ್ಟು ಅದು ನಮ್ಮದಾಗಿಬಿಟ್ಟಿದೆ.

ಈ ಗೀತಗಳಿಂದ ಆದ ದೊಡ್ಡ ಕಾರ್ಯವು ಛಂದಸ್ಸಿಗೆ ಸೇರಿದುದು. ಕನ್ನಡ ಪದ್ಯದಲ್ಲಿ ಪ್ರತಿಪಾದದ ಎರಡನೆಯ ಅಕ್ಷರವು ಒಂದೇ ಆಗಿರಬೇಕೆಂಬ ಆದಿಪ್ರಾಸದ ಕಟ್ಟು ಬಹುಕಾಲದಿಂದ ನಡೆದು ಬಂದಿದ್ದಿತು. ಅದನ್ನು ಬಿಡುವ ಧೈರ್ಯವನ್ನು ಮಂಜೇಶ್ವರದ ಗೋವಿಂದ ಪೈಗಳು ಮುಂಚೆಯೇ ತೋರಿಸಿದ್ದರು. ಇಂಗ್ಲಿಷಿನಿಂದ ಕವಿತೆಗಳನ್ನು ತಂದವರೂ ಶ್ರೀಯವರಿಗಿಂತ ಹಿಂದೆ ಇದ್ದರು. ಶ್ರೀಯವರ ವೈಶಿಷ್ಟ್ಯವೆಂದರೆ, ಷಟ್ಪದಿ ರಗಳೆಗಳಲ್ಲಿಯೂ ಜನರ ಹಾಡುಗಳಲ್ಲಿಯೂ ಹುದುಗಿದ್ದ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಬಿಡಿಸಿ ತೆಗೆದು, ಅವುಗಳಿಂದ ಹೊಸಹೊಸ ಪದ್ಯಬಂಧಗಳನ್ನು ಕಟ್ಟಿ ತೋರಿಸಿದುದು. ಹೊಸತೆಂದು ಕಂಡ ಆ ಕಟ್ಟಡದ ಇಟ್ಟಿಗೆಗಳೆಲ್ಲ ಹಳೆಯವೇ. ತರುಣ ಕವಿಗಳಿಗೆ ಇದರಿಂದ ಒಂದು ಅಚ್ಚು ಸಿಕ್ಕಿತೆನ್ನುವುದಕ್ಕಿಂತ, ತಮತಮಗೆ ಬೇಕಾದ ಅಚ್ಚನ್ನು ತಾವೇ ಮಾಡಿಕೊಳ್ಳಬಹುದೆಂಬ ಅಭಯ ದೊರೆಯಿತೆನ್ನಬೇಕು.

ಅವರ ನಾಟಕಗಳ ವಿಷಯದಲ್ಲಿ ನಮ್ಮ ಓದುಗರಿಗೆ ಸ್ವಲ್ಪ ಸಂಕೋಚ ಉಂಟಾಗುವುದು ಸಹಜ. ಅದನ್ನು ಮುಚ್ಚಿಟ್ಟು ಬರೆಯುವುದು ನ್ಯಾಯವಲ್ಲ. ಹತ್ತನೆಯ ಶತಮಾನದ ರನ್ನಕವಿಯ ಗದಾಯುದ್ಧ ಕಾವ್ಯಕ್ಕೆ ನಾಯಕನು ಭೀಮಸೇನ. ಅದಕ್ಕೆ ಸಾಹಸಭೀಮವಿಜಯವೆಂಬ ಇನ್ನೊಂದು ಹೆಸರೇ ಉಂಟು. ಶ್ರೀಯವರು ಆ ಕಾವ್ಯದ ಪದ್ಯಗಳನ್ನು ಆರಿಸಿ 'ಗದಾಯುದ್ಧ ನಾಟಕ'ವಾಗಿ ಜೋಡಿಸಿದಾಗ, ಗ್ರೀಕ್ ರುದ್ರನಾಟಕದ ಮಾದರಿಯಲ್ಲಿ ದುರ್ಯೋಧನನೇ ದುರಂತನಾಯಕನಾಗಿ ನಿಂತನು. ಭೀಮಸೇನದೇವರನ್ನು ಮುಖ್ಯಪ್ರಾಣನ ಅವತಾರವೆಂದು ಪೂಜಿಸಿ, ದುರ್ಯೋಧನನನ್ನು ಕಲಿಯ ಅಂಶವೆಂದು ಆಚಾರ್ಯರ ತಾತ್ಪರ್ಯನಿರ್ಣಯದಿಂದ ತಿಳಿದಿರುವ ನಮಗೆ ಇದು ಒಪ್ಪುವ ಮಾತಲ್ಲ. ಅನಂತರ 1929ರಲ್ಲಿ ಬಂದ 'ಅಶ್ವತ್ಥಾಮನ್' ಇನ್ನೂ ಹೆಚ್ಚಿನ ವಿವಾದವನ್ನು ಎಬ್ಬಿಸಿತು. ಸೊಫೋಕ್ಲೀಸ್ ಕವಿಯ ಅಯಾಸ್ ನಾಟಕದ ಎಡೆಯಲ್ಲಿ ದ್ರೋಣಪುತ್ರನನ್ನು ನಿಲ್ಲಿಸಿ, ಚಿರಂಜೀವಿಯಾದ ಅವನನ್ನು ರಂಗದ ಮೇಲೆ ಸಾಯುವಂತೆ ಮಾಡಿದರೆಂದು ಆಕ್ಷೇಪಣೆಗಳು ಹೊರಟುವು. ಪುರಾಣದ ಪಾತ್ರವನ್ನು ಹೀಗೆ ಬದಲಿಸುವ ಅಧಿಕಾರ ಕವಿಗೆ ಎಷ್ಟರಮಟ್ಟಿಗೆ ಉಂಟೆಂಬ ಚರ್ಚೆಯು ಆ ನಾಟಕದೊಡನೆಯೇ ನಡೆದು ಬಂದಿದೆ. ಏಸ್ಕಿಲಸ್ ಕವಿಯಿಂದ ಪಡೆದ 'ಪಾರಸಿಕರು' 1935ರಲ್ಲಿ ಪ್ರಕಟವಾಯಿತು. ನಮ್ಮ ಸಿದ್ಧಾಂತದ ದೃಷ್ಟಿಯಿಂದ ಒಪ್ಪದಿರುವುದನ್ನು ಒಪ್ಪದೆಯೇ, ಹಳಗನ್ನಡದ ಗಂಭೀರ ಶೈಲಿಯು ಅವರ ಕೈಯಲ್ಲಿ ರಂಗಭೂಮಿಗೆ ಸಮರ್ಥವಾಯಿತೆಂಬುದನ್ನು ನಾವು ಮರೆಯಬೇಕಾಗಿಲ್ಲ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿದ್ದರೂ ಅಲ್ಲಿ ಕನ್ನಡವನ್ನು ಎಂ.ಎ. ಪದವಿಗಾಗಿ ಓದುವ ಏರ್ಪಾಡು ಇರಲಿಲ್ಲ. 1926ರಲ್ಲಿ ಶ್ರೀಯವರು ಅದರ ರಿಜಿಸ್ಟ್ರಾರರಾದರು. 1927ರಲ್ಲಿ ಕನ್ನಡ ಎಂ.ಎ. ತರಗತಿ ಪ್ರಾರಂಭವಾಯಿತು. ಈ ಎರಡು ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು. ಕನ್ನಡದಲ್ಲಿ ಅಷ್ಟು ಓದುವುದಕ್ಕೆ ಏನಿದೆ ಎಂದು ಕೇಳುವವರಿದ್ದ ಕಾಲದಲ್ಲಿ ಆ ತರಗತಿಗೆ ಬೇಕಾದ ಪಾಠಕ್ರಮ, ಗ್ರಂಥಗಳು, ಅಧ್ಯಾಪಕರು ಎಲ್ಲವನ್ನೂ ಒದಗಿಸಬೇಕಾಗಿದ್ದಿತು. ತಳುಕಿನ ವೆಂಕಣ್ಣಯ್ಯನವರು ಕನ್ನಡದ ಪ್ರಾಧ್ಯಾಪಕರಾಗಿ ನಿಂತರು. ಆಡಳಿತದ ಹೊಣೆ ಹೊತ್ತಿದ್ದ ಶ್ರೀಯವರು ತಾವೂ ಕನ್ನಡದ ಪಾಠ ಹೇಳಿದರು. ವಿದ್ಯಾರ್ಥಿಗಳ ಕೈಗೆ ತಕ್ಕ ಪುಸ್ತಕವಿರಲೆಂದು ವಿಶ್ವವಿದ್ಯಾನಿಲಯವು ಹೊರತಂದ 'ಕನ್ನಡ ಕೈಪಿಡಿ'ಯಲ್ಲಿ ಛಂದಸ್ಸಿನ ಮತ್ತು ಸಾಹಿತ್ಯಚರಿತ್ರೆಯ ಭಾಗಗಳಿಗಾಗಿ ದುಡಿದರು.

ಆ ಮೊದಲ ತಂಡದಲ್ಲಿ ಮಲೆನಾಡಿನ ಕುಪ್ಪಳಿಯಿಂದ ಬಂದ ಒಬ್ಬ ತರುಣನಿದ್ದನು. ತತ್ತ್ವಶಾಸ್ತ್ರವನ್ನು ಓದಬೇಕೆಂದಿದ್ದ ಅವನನ್ನು ಕನ್ನಡಕ್ಕೆ ಒಲಿಸಿದವರು ವೆಂಕಣ್ಣಯ್ಯನವರು. ಪುಟ್ಟಪ್ಪನೆಂಬ ಆ ತರುಣನು 1929ರಲ್ಲಿ ಎಂ.ಎ. ಆಗಿ, ಕುವೆಂಪು ಎಂಬ ಹೆಸರಿನಿಂದ ನಾಡಿಗೆಲ್ಲ ಪರಿಚಿತನಾದುದನ್ನು ಹೇಳಬೇಕಾಗಿಲ್ಲ. 1939ರಲ್ಲಿ ವೆಂಕಣ್ಣಯ್ಯನವರು ತೀರಿಕೊಂಡರು. ಅವರ ಕಣ್ಣಿಗೆ ಮುಗಿದು ಕಾಣದ ಶ್ರೀರಾಮಾಯಣ ದರ್ಶನವನ್ನು ಶಿಷ್ಯರು 1949ರಲ್ಲಿ ಆ ಗುರುವಿನ ಹೆಸರಿಗೇ ಅರ್ಪಿಸಿದರು. ಆ ಅರ್ಪಣೆಯ ಪುಟದಲ್ಲಿ ಶ್ರೀಯವರ ಹೆಸರನ್ನು ಹುಡುಕುವುದು ಬೇಡ. ಆದರೆ ವೆಂಕಣ್ಣಯ್ಯನವರು ನಿಂತು ಪಾಠ ಹೇಳಲು ಒಂದು ವೇದಿಕೆ, ಪುಟ್ಟಪ್ಪನವರು ಕುಳಿತು ಕೇಳಲು ಒಂದು ತರಗತಿ ಇರಬೇಕಾಗಿದ್ದಿತಷ್ಟೆ?

ಶಿಷ್ಯರ ಪಟ್ಟಿಯನ್ನು ಕೊಡುತ್ತ ಹೋದರೆ ಈ ಪುಟಗಳು ಸಾಲವು. ಎಸ್. ವಿ. ರಂಗಣ್ಣನವರು ಗುರುಗಳಂತೆಯೇ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು ಕನ್ನಡದಲ್ಲಿ ವಿಮರ್ಶೆಯನ್ನು ಬೆಳೆಸಿದರು. ಎ. ಎನ್. ಮೂರ್ತಿರಾಯರೂ ಇಂಗ್ಲಿಷ್ ಪಾಠ ಹೇಳಿ ಕನ್ನಡದಲ್ಲಿ ಪ್ರಬಂಧ ಬರೆದರು. ಡಿ. ಎಲ್. ನರಸಿಂಹಾಚಾರ್ಯರು ಹಳಗನ್ನಡ ಗ್ರಂಥಗಳ ಸಂಪಾದನೆಯನ್ನು ಶಾಸ್ತ್ರವಾಗಿಸಿ, ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಕಾರ್ಯವನ್ನು ಹೊತ್ತು ನಡೆದರು. ತೀ. ನಂ. ಶ್ರೀಕಂಠಯ್ಯನವರು 1953ರಲ್ಲಿ ಪ್ರಕಟಿಸಿದ 'ಭಾರತೀಯ ಕಾವ್ಯಮೀಮಾಂಸೆ'ಯು ಸಂಸ್ಕೃತ ಅಲಂಕಾರಶಾಸ್ತ್ರವನ್ನು ಕನ್ನಡದಲ್ಲಿಯೇ ಆಳವಾಗಿ ಓದಬಹುದೆಂಬುದನ್ನು ಸ್ಥಾಪಿಸಿತು. ಸೈನ್ಯದ ಕಛೇರಿಯಲ್ಲಿ ಗುಮಾಸ್ತೆಯ ಕೆಲಸದಿಂದ ಜೀವನ ನಡೆಸಿದ ಪು. ತಿ. ನರಸಿಂಹಾಚಾರ್ಯರು ಶ್ರೀಕೃಷ್ಣನ ಗೋಕುಲವನ್ನು ಗೀತರೂಪಕವಾಗಿ ಹಾಡಿದರು. ಅರ್ಥಶಾಸ್ತ್ರ ಓದಿದ ವಿ. ಸೀತಾರಾಮಯ್ಯನವರೂ, ಬೀದಿಬೀದಿಯಲ್ಲಿ ಕನ್ನಡದ ಪುಸ್ತಕಗಳನ್ನು ಹೊತ್ತು ಮಾರಿದ ಜಿ. ಪಿ. ರಾಜರತ್ನಂ ಅವರೂ ಈ ಗುರುಕುಲದ ಗಾಳಿಯನ್ನು ಉಸಿರಾಡಿದವರೇ.

ಗಮನಿಸಬೇಕಾದ ಅಂಶವೊಂದಿದೆ. ಇವರಲ್ಲಿ ಒಬ್ಬರ ಬರವಣಿಗೆ ಇನ್ನೊಬ್ಬರಂತಿಲ್ಲ. ಯಾರದೂ ಗುರುವಿನಂತೆಯೂ ಇಲ್ಲ. ಗುರುಗಳು ದುರ್ಯೋಧನನ ಅಳಿವಿನಲ್ಲಿ ರುದ್ರನಾಟಕವನ್ನು ಕಂಡರೆ, ಶಿಷ್ಯ ಕುವೆಂಪು 1931ರ 'ಸ್ಮಶಾನ ಕುರುಕ್ಷೇತ್ರ'ದಲ್ಲಿ ಅದೇ ರಣಭೂಮಿಯನ್ನು ತಮ್ಮದೇ ಕಣ್ಣಿನಿಂದ ನೋಡಿದರು. ಗುರುಗಳು ಗ್ರೀಕರ ಕಡೆಗೆ ಒಲಿದರೆ, ಶಿಷ್ಯರು ಷೇಕ್ಸ್‌ಪಿಯರನ ಬಿರುಗಾಳಿಯನ್ನೂ ಹ್ಯಾಮ್ಲೆಟನ್ನೂ ಕನ್ನಡ ನೆಲಕ್ಕೆ ತಂದರು. ತನ್ನ ಪಡಿಯಚ್ಚುಗಳನ್ನು ತಯಾರಿಸಿ ನಿಲ್ಲಿಸಿದ ಅಧ್ಯಾಪಕನನ್ನು ನಾವು ಎಷ್ಟೋ ಕಡೆ ಕಾಣುತ್ತೇವೆ. ಶ್ರೀಯವರು ಅಂತಹವರಲ್ಲ.

ಇದಕ್ಕೆ ಅವರು ತೆತ್ತ ಬೆಲೆಯನ್ನು ಯಾರೂ ಲೆಕ್ಕ ಹಾಕಿಲ್ಲ. ಅವರ ಸ್ವಂತ ಕೃತಿಗಳನ್ನೆಲ್ಲ ಒಂದೆಡೆ ಇಟ್ಟರೆ, ಅವರ ಪಾಂಡಿತ್ಯಕ್ಕೂ ಪ್ರತಿಭೆಗೂ ಅದು ಬಹಳ ಕಡಮೆಯೆಂದು ತೋರುತ್ತದೆ. ಸ್ವಂತ ಕವಿತೆಗಳ 'ಹೊಂಗನಸುಗಳು' ಬಂದುದು 1943ರಲ್ಲಿ, ವಯಸ್ಸು ಅರುವತ್ತರ ಸಮೀಪಕ್ಕೆ ಬಂದಾಗ. ಬರೆಯಬೇಕೆಂದಿದ್ದ ಕನ್ನಡ ಸಾಹಿತ್ಯ ಚರಿತ್ರೆಯು ಪೂರ್ಣವಾಗಲಿಲ್ಲ. ರಿಜಿಸ್ಟ್ರಾರರ ಕಛೇರಿಯ ಕಡತಗಳು, ಸಮಿತಿಗಳು, ಪಾಠಕ್ರಮಗಳು, ಇತರರ ಹಸ್ತಪ್ರತಿಗಳು, ಊರೂರಿನ ಭಾಷಣಗಳು — ಇವುಗಳ ನಡುವೆ ಬರವಣಿಗೆಗೆ ಉಳಿದ ಹೊತ್ತು ಎಷ್ಟು? ಅವರು ಒಂದಿಷ್ಟು ಸ್ವಾರ್ಥಿಗಳಾಗಿದ್ದರೆ ಕನ್ನಡಕ್ಕೆ ಇನ್ನೂ ಕೆಲವು ದೊಡ್ಡ ಗ್ರಂಥಗಳು ದೊರೆಯುತ್ತಿದ್ದುವೆಂದು ಈ ಲೇಖಕನಿಗೆ ಆಗಾಗ ಅನಿಸುವುದುಂಟು. ಆ ಲಾಭಕ್ಕೆ ಪ್ರತಿಯಾಗಿ ಏನನ್ನು ಕಳೆದುಕೊಳ್ಳುತ್ತಿದ್ದೆವೆಂಬುದು ಮಾತ್ರ ಮೇಲೆ ಹೆಸರಿಸಿದವರನ್ನು ನೆನೆದರೆ ತಿಳಿಯುತ್ತದೆ.

1928ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವು ಅವರಿಗೆ ಬಂದಿತು. ಕಲಬುರ್ಗಿ ಆಗ ನಿಜಾಮರ ಆಳ್ವಿಕೆಯಲ್ಲಿದ್ದು, ಅಲ್ಲಿನ ಆಡಳಿತವೂ ವಿದ್ಯಾಭ್ಯಾಸವೂ ಉರ್ದುವಿನಲ್ಲಿ ನಡೆಯುತ್ತಿದ್ದುವು. ಅಂತಹ ಎಡೆಯಲ್ಲಿ ಕನ್ನಡದ ಸಭೆ ಸೇರಿದುದೇ ಒಂದು ವಿಶೇಷ. 1930ರಿಂದ ನಿವೃತ್ತರಾಗುವ 1942ರವರೆಗೆ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. 1938ರಲ್ಲಿ ಮಹಾರಾಜರು ರಾಜಸೇವಾಸಕ್ತ ಎಂಬ ಬಿರುದನ್ನಿತ್ತರು. ಅದೇ ವರ್ಷ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಅವರು ಅದರ ಕೆಲಸವನ್ನು ಕೈಗೆತ್ತಿಕೊಂಡರು. 'ಕನ್ನಡ ನುಡಿ' ಪತ್ರಿಕೆ ಹೊರಟಿತು. ಕಾಲೇಜಿನ ಮೆಟ್ಟಿಲು ಹತ್ತದ ಗೃಹಿಣಿಯರೂ ಕೂಲಿನಾಲಿ ಮಾಡುವವರೂ ಓದಿ ಕುಳಿತುಕೊಳ್ಳಬಹುದಾದ ಕಾವ, ಜಾಣ ಮೊದಲಾದ ಕನ್ನಡ ಪರೀಕ್ಷೆಗಳು ನಡೆದುವು. ತರಗತಿಯ ನಾಲ್ಕು ಗೋಡೆಗಳ ಒಳಗೆ ಮಾಡಿದ ಕೆಲಸವನ್ನೇ ಅವರು ಈಗ ನಾಡಿನ ಬಯಲಿನಲ್ಲಿ ಮಾಡುತ್ತಿದ್ದರು.

1941ರಲ್ಲಿ ಶಿಷ್ಯರೂ ಮಿತ್ರರೂ ಕೂಡಿ ಅವರಿಗೆ ಒಂದು ಗ್ರಂಥವನ್ನು ಸಮರ್ಪಿಸಿದರು. ಅದರ ಹೆಸರು 'ಸಂಭಾವನೆ'. ನಮ್ಮ ಮನೆಗಳಲ್ಲಿ ಪುರೋಹಿತರಿಗೆ, ವಿದ್ವಾಂಸರಿಗೆ ತಾಂಬೂಲದೊಡನೆ ಕೊಡುವುದನ್ನು ಅದೇ ಮಾತಿನಿಂದ ಕರೆಯುತ್ತೇವೆ. ಗುರುವಿಗೆ ಕೊಡತಕ್ಕುದು ವಿದ್ಯೆಯ ಫಲವೇ ಹೊರತು ಧನವಲ್ಲವೆಂಬ ಭಾವದಿಂದ, ಒಬ್ಬೊಬ್ಬರೂ ತಮ್ಮ ಪ್ರಬಂಧವನ್ನೋ ಕವಿತೆಯನ್ನೋ ತಂದು ಆ ತಟ್ಟೆಯಲ್ಲಿ ಇಟ್ಟರು. ಒಬ್ಬ ಪ್ರಾಧ್ಯಾಪಕನಿಗೆ ಇದಕ್ಕಿಂತ ತಕ್ಕ ದಕ್ಷಿಣೆಯನ್ನು ಊಹಿಸುವುದು ಕಷ್ಟ.

ನಿವೃತ್ತಿಯ ಬಳಿಕ ವಿಶ್ರಮಿಸಿಕೊಳ್ಳಲು ಅವಕಾಶವಿದ್ದಿತು. ಆದರೆ 1944ರಲ್ಲಿ ಧಾರವಾಡದಲ್ಲಿ ಹೊಸದಾಗಿ ಪ್ರಾರಂಭವಾದ ಕಾಲೇಜೊಂದಕ್ಕೆ ಪ್ರಿನ್ಸಿಪಾಲರು ಬೇಕಾದಾಗ, ಅರುವತ್ತು ತುಂಬಿದ ಶ್ರೀಯವರು ಒಪ್ಪಿಕೊಂಡು ಹೊರಟರು. ಮೂವತ್ತಮೂರು ವರ್ಷಗಳ ಹಿಂದೆ ತರುಣರಾಗಿ ಬಂದು ಕನ್ನಡ ತಲೆ ಎತ್ತುವ ಬಗೆಯನ್ನು ಹೇಳಿದ ಊರು ಅದು. ಈಗ ಅಲ್ಲಿಯೇ ಹೊಸ ವಿದ್ಯಾಸಂಸ್ಥೆಯೊಂದನ್ನು ನಡೆಸುವ ಭಾರ. ಕನ್ನಡ ನಾಡು ಒಂದಾಗಲು 1956ರವರೆಗೆ ಕಾಯಬೇಕಾಗಿದ್ದಿತು. ಮೈಸೂರಿನವರು ಧಾರವಾಡಕ್ಕೆ ಹೋಗಿ ದುಡಿಯುವುದೆಂದರೆ ಆಗ ಬೇರೆ ಪ್ರಾಂತಕ್ಕೇ ಹೋದಂತೆ.

1946ನೆಯ ಜನವರಿ 5ರಂದು, ಅರುವತ್ತೆರಡನೆಯ ಹುಟ್ಟುಹಬ್ಬ ಕಳೆದ ಎರಡೇ ದಿನಗಳಲ್ಲಿ, ಶ್ರೀಯವರು ಧಾರವಾಡದಲ್ಲಿಯೇ ದೇಹವನ್ನು ಬಿಟ್ಟರು. ಅವರ ಮೇಲ್ವಿಚಾರಣೆಯಲ್ಲಿ ವಿದ್ವಾಂಸರು ಅನೇಕ ವರ್ಷ ದುಡಿದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಅದೇ 1946ರಲ್ಲಿ ಹೊರಬಂದಿತು. ಮೈಸೂರಿನಲ್ಲಿ, 1936ರಿಂದ ಹಿಡಿದು ಬರೆಯುತ್ತಿದ್ದ ಶ್ರೀರಾಮಾಯಣ ದರ್ಶನವನ್ನು ಪುಟ್ಟಪ್ಪನವರು ಮುಗಿಸಿದುದೂ ಆ ವರ್ಷವೇ.